ಮೇಲ್ಮಹಡಿಯ ಅಣ್ಣ

ಡೊರೇಮಾನ್ ಮಲಗುವುದು ನೊಬಿತಾನ ಕೋಣೆಯ ಗೋಡೆಕಪಾಟಿನಲ್ಲಿ. ಕಿರುತೆರೆಯಲ್ಲಿ ಆ ನೀಲಿ ಬೆಕ್ಕನ್ನು ನೋಡುತ್ತ ಬೆಳೆದ ಇಂದಿನ ಪದವಿ ವಿದ್ಯಾರ್ಥಿಗಳಿಗೆ ಅದೊಂದು ತಮಾಷೆಯ ಏರ್ಪಾಡಾಗಿ ಕಂಡಿರಬೇಕು. ಜಪಾನಿನ ಹಳೆಯ ಬಾಡಿಗೆ ಕೋಣೆಗಳಲ್ಲಿ ಆ ಕಪಾಟಿಗೆ ಬೇರೆಯೇ ಬೆಲೆಯಿತ್ತು. ಬೆಳಗಾದೊಡನೆ ಹಾಸಿಗೆಯನ್ನು ಮಡಿಸಿ ಅದರೊಳಗೆ ತಳ್ಳದಿದ್ದರೆ ಕುಳಿತು ಬರೆಯುವುದಕ್ಕೆ ನೆಲವೇ ಉಳಿಯುತ್ತಿರಲಿಲ್ಲ. ಡೊರೇಮಾನ್‌ನ ಕರ್ತೃ ಫುಜಿಮೊತೊ ಹಿರೊಶಿ ಇಪ್ಪತ್ತರ ಹರೆಯದಲ್ಲಿ, ಶಾಲಾದಿನಗಳ ಗೆಳೆಯ ಅಬಿಕೊ ಮೊತೊ ಅವರೊಂದಿಗೆ, ಟೋಕಿಯೊದ ಅಂಥದೇ ಒಂದು ಕೋಣೆಗೆ 1954ರ ಅಕ್ಟೋಬರಿನಲ್ಲಿ ಬಂದು ಸೇರಿದರು. ಇಬ್ಬರಿಗೂ ಕೂಡಿ ಒಂದು ಕೋಣೆ. ಇಬ್ಬರಿಗೂ ಕೂಡಿ ಒಂದೇ ಲೇಖನನಾಮ, ಫುಜಿಕೊ ಫುಜಿಯೊ.

ಆ ಕೋಣೆಯಿದ್ದ ಕಟ್ಟಡದ ಹೆಸರು ತೊಕಿವಾ ಸೋ. ಅದರ ಕಥೆಯನ್ನು ಇಚಿಕಾವಾ ಜುನ್ ಎಂಬ ನಿರ್ದೇಶಕರು 1996ರಲ್ಲಿ ಚಲನಚಿತ್ರವಾಗಿಸಿದರು. ಚಿತ್ರದ ಹೆಸರು ‘ತೊಕಿವಾ ಸೋ ನೊ ಸೆಯ್‌ಶುನ್’, ಎಂದರೆ ತೊಕಿವಾ ಸೋದ ತಾರುಣ್ಯ. ಜಪಾನೀಯರು ತಾರುಣ್ಯ ಎಂಬುದನ್ನು ‘ಹಸಿರು’ ಮತ್ತು ‘ವಸಂತ’ ಎಂಬ ಎರಡು ಅಕ್ಷರಗಳನ್ನು ಜೋಡಿಸಿ ಬರೆಯುತ್ತಾರೆ. ತೊಕಿವಾ ಎಂಬ ಮಾತಿಗೂ ನಿತ್ಯಹಸಿರು ಎಂಬ ಅರ್ಥವಿದೆ. ಕಟ್ಟಡ ಮಾತ್ರ ಮರದ್ದು. 1952ರಲ್ಲಿ ಎದ್ದು ನಿಂತದ್ದು 1982ರಲ್ಲಿ ನೆಲಸಮವಾಯಿತು. ಮೂವತ್ತೇ ವರ್ಷಗಳ ನಿತ್ಯಹಸಿರು.

ಅಲ್ಲಿ ವಾಸವಾಗಿದ್ದವರು ಮಾಂಗಾ ಕರ್ತೃಗಳು. ಅವರನ್ನು ಲೇಖಕರೆಂದು ಕರೆಯಬಹುದೇ ಎಂಬ ಅನುಮಾನ ಸಾಹಿತ್ಯದ ವಿದ್ಯಾರ್ಥಿಗೆ ಬರುವುದು ಸಹಜ. ಮಾಂಗಾ ಎಂಬುದು ಚೌಕಟ್ಟು ಚೌಕಟ್ಟಾಗಿ ಸಾಗುವ ಚಿತ್ರಕಥೆ. ಕಥೆ ಕಟ್ಟುವವರು, ಸಂಭಾಷಣೆ ಬರೆಯುವವರು, ಚಿತ್ರ ಬಿಡಿಸುವವರು ಅಲ್ಲಿ ಬಹುಮಟ್ಟಿಗೆ ಒಬ್ಬರೇ. ಯಾವ ಮಾತನ್ನು ಬಾಯಿಂದ ಆಡಿಸಬೇಕು, ಯಾವುದನ್ನು ಮೌನಕ್ಕೆ ಬಿಡಬೇಕು, ಎಲ್ಲಿ ಪುಟ ತಿರುಗಬೇಕು ಎಂಬ ನಿರ್ಧಾರಗಳೆಲ್ಲ ಬರವಣಿಗೆಯ ನಿರ್ಧಾರಗಳೇ. ಮಕ್ಕಳಿಗಾಗಿ ಬರೆದವರೆಂದು ಅವರನ್ನು ಪಂಕ್ತಿಯ ಕೊನೆಯಲ್ಲಿ ಕೂರಿಸುವ ಚಾಳಿ ನಮ್ಮಲ್ಲಿ ಹೇಗೋ, ಅಂದಿನ ಜಪಾನಿನಲ್ಲಿಯೂ ಹಾಗೆಯೇ ಇತ್ತು.

ಮನೆಯೆನ್ನಲಾಗದ, ಛತ್ರವೂ ಎನ್ನಲಾಗದ ತಂಗುನೆಲೆಗೆ ಕನ್ನಡದಲ್ಲಿ ಬಿಡಾರ ಎಂಬ ಮಾತಿದೆ. ಮರಾಠಿಯ ‘ಬಿರ್‍ಹಾಡ’ ಅದರ ಒಡಹುಟ್ಟಿದಂತೆ ಕೇಳಿಸುತ್ತದೆ. ತೊಕಿವಾ ಸೋ ಅಂಥ ಬಿಡಾರ. ಎರಡು ಅಂತಸ್ತಿನ ಕಟ್ಟಡ, ತರುಣರದ್ದು ಮೇಲ್ಮಹಡಿ. ಒಂದೊಂದು ಕೋಣೆಯೂ ನಾಲ್ಕೂವರೆ ಚಾಪೆಯದ್ದು. ಜಪಾನಿನಲ್ಲಿ ಕೋಣೆಯ ಅಳತೆಯನ್ನು ನೆಲಕ್ಕೆ ಹಾಸುವ ತತಾಮಿ ಚಾಪೆಗಳ ಲೆಕ್ಕದಲ್ಲಿ ಹೇಳುತ್ತಾರೆ. ನಾಲ್ಕೂವರೆ ಚಾಪೆಯೆಂದರೆ ಸರಿಸುಮಾರು ಒಂಬತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ. ಅಡುಗೆಮನೆ ಎಲ್ಲರಿಗೂ ಒಂದೇ, ಶೌಚಾಲಯವೂ ಹಂಚಿಕೆಯದ್ದು. ಸ್ನಾನಗೃಹವಿಲ್ಲ, ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಕಾಸು ಕೊಟ್ಟು ಹೋಗಬೇಕು. ಕಾಸಿಲ್ಲದ ದಿನ ಅಡುಗೆಮನೆಯ ನೀರಿನ ತೊಟ್ಟಿಯಲ್ಲೇ ಮೈ ತೊಳೆದುಕೊಂಡವರುಂಟು. ತಿಂಗಳ ಬಾಡಿಗೆ ಮೂರು ಸಾವಿರ ಯೆನ್. ಒಳಬರುವಾಗ ಮೂವತ್ತು ಸಾವಿರ ಯೆನ್ ಮುಂಗಡ. ಹಳ್ಳಿಯಿಂದ ಬಂದ ಹುಡುಗರಿಗೆ ಬಾಡಿಗೆಗಿಂತ ಈ ಮುಂಗಡವೇ ಬೆಟ್ಟ.

ಆ ಬೆಟ್ಟವನ್ನು ಫುಜಿಮೊತೊ ಮತ್ತು ಅಬಿಕೊ ಹತ್ತಬೇಕಾಗಿ ಬರಲಿಲ್ಲ. ಅವರಿಗೂ ಮೊದಲು ಆ ಕೋಣೆಯಲ್ಲಿದ್ದವರು ತೆಝುಕಾ ಒಸಾಮು. ಇಪ್ಪತ್ತೈದರ ಒಳಗೇ ನಾಡಿನ ಮಕ್ಕಳಿಗೆಲ್ಲ ಹೆಸರು ಗೊತ್ತಿದ್ದವರು. ಕೋಣೆ ಬಿಟ್ಟು ಹೋಗುವಾಗ ಅವರು ತಮ್ಮ ಮುಂಗಡದ ಹಣವನ್ನು ಹಿಂದಕ್ಕೆ ಪಡೆಯದೆ ಈ ಇಬ್ಬರಿಗಾಗಿ ಅಲ್ಲೇ ಬಿಟ್ಟರು. ಬರೆಯುವ ಮೇಜನ್ನೂ ಬಿಟ್ಟರು. ಚಿತ್ರ ತೊಡಗುವಾಗ ತೆಝುಕಾ ಇನ್ನೂ ಅಲ್ಲಿದ್ದಾರೆ. ಬಾಗಿಲ ಹೊರಗೆ ಪತ್ರಿಕೆಗಳ ಸಂಪಾದಕರು ಹಸ್ತಪ್ರತಿಗಾಗಿ ಕಾಯುತ್ತಾರೆ. ಒಂದು ಬಾಗಿಲ ಮುಂದೆ ಸಂಪಾದಕರ ಸಾಲು, ಉಳಿದ ಬಾಗಿಲುಗಳ ಮುಂದೆ ಯಾರೂ ಇಲ್ಲ. ಮುಂದಿನ ಕಥೆಗೆ ಬೇಕಾದ ಪೀಠಿಕೆ ಇಷ್ಟರಲ್ಲೇ ಮುಗಿಯುತ್ತದೆ.

ಲೇಖಕರ ಬದುಕನ್ನು ಕುರಿತ ಚಲನಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಗಳಿಗೆ ಬಂದೇ ಬರುತ್ತದೆ. ಇರುಳು, ಒಂಟಿ ದೀಪ, ಹಠಾತ್ತನೆ ಹರಿಯುವ ಲೇಖನಿ, ಏರುತ್ತ ಹೋಗುವ ವಾದ್ಯಸಂಗೀತ. ಇಚಿಕಾವಾ ಅಂಥ ಗಳಿಗೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಅವರ ಕ್ಯಾಮೆರಾ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರುವ ಇನ್ನೊಬ್ಬ ಬಾಡಿಗೆದಾರನಂತೆ. ತರುಣರು ಮಾತನಾಡುವುದೂ ತಗ್ಗಿದ ದನಿಯಲ್ಲಿ. ಗೋಡೆಗಳು ತೆಳು, ಪಕ್ಕದವರು ಬರೆಯುತ್ತಿರಬಹುದು. ಬಡತನವನ್ನು ಈ ಚಿತ್ರ ಶೃಂಗರಿಸುವುದಿಲ್ಲ, ಅದಕ್ಕಾಗಿ ಅಳುವುದೂ ಇಲ್ಲ. ಮೊದಲ ಬಾರಿ ನೋಡುವವರಿಗೆ ಏನೂ ನಡೆಯುತ್ತಿಲ್ಲವೆನಿಸಿದರೆ ಅದು ಅವರ ತಪ್ಪಲ್ಲ. ಯಾರು ಯಾರೆಂದು ಗುರುತು ಹಿಡಿಯುವುದಕ್ಕೇ ಅರ್ಧ ಗಂಟೆ ಬೇಕು. ನಿರ್ದೇಶಕರು ಇಲ್ಲಿ ಪ್ರೇಕ್ಷಕರ ಮೇಲೆ ಸ್ವಲ್ಪ ಹೆಚ್ಚೇ ಭಾರ ಹೊರಿಸಿದ್ದಾರೆ. ಜಪಾನಿನ ಪ್ರೇಕ್ಷಕರಿಗೆ ಆ ಹೆಸರುಗಳೆಲ್ಲ ಮನೆಮಾತು. ಹೊರಗಿನವರು ತುಸು ತಾಳ್ಮೆಯಿಂದ ಕುಳಿತಿರಬೇಕಾಗುತ್ತದೆ.

ಕುಳಿತಿದ್ದರೆ ಕಣ್ಣು ಮೆಲ್ಲಗೆ ಒಬ್ಬರ ಮೇಲೆ ನೆಲೆಸುತ್ತದೆ. ಅವರು ತೆಝುಕಾ ಅಲ್ಲ, ಡೊರೇಮಾನ್‌ನ ಕರ್ತೃಗಳೂ ಅಲ್ಲ. ಇಂದು ಜಪಾನಿನ ಹೊರಗೆ ಯಾರೂ ಹೆಸರು ಹೇಳದ ತೆರಾದಾ ಹಿರೋ. ಮುಂದೆ 2008ರಲ್ಲಿ ಬಂದು ಆಸ್ಕರ್ ಪಡೆದ ‘ಡಿಪಾರ್ಚರ್ಸ್’ ಚಿತ್ರದ ನಾಯಕನಾಗಿ ಜಗತ್ತಿಗೆ ಪರಿಚಯವಾದ ಮೊತೊಕಿ ಮಸಹಿರೊ ಈ ಪಾತ್ರ ವಹಿಸಿದ್ದಾರೆ. ತೆರಾದಾ ನೀಗಾತಾ ಪ್ರಾಂತದವರು, 1931ರಲ್ಲಿ ಹುಟ್ಟಿದವರು, ಬೇಸ್‌ಬಾಲ್ ಆಟಗಾರರು. 1953ರ ವರ್ಷದ ಕೊನೆಯ ದಿನ ತೊಕಿವಾ ಸೋಕ್ಕೆ ಬಂದರು. ಉಳಿದವರಿಗಿಂತ ಅವರು ಹಿರಿಯರಾಗಿದ್ದದ್ದು ಕೆಲವೇ ವರ್ಷಗಳಷ್ಟು. ಆದರೂ ಎಲ್ಲರಿಗೂ ಅವರು ‘ತೆರಾ ಸಾನ್’, ಮನೆಯ ಹಿರಿಯಣ್ಣ.

ಈ ಹಿರಿತನ ವಯಸ್ಸಿನಿಂದ ಬಂದದ್ದಲ್ಲ. ಆ ಕಾಲಕ್ಕೆ ‘ಮಾಂಗಾ ಶೋನೆನ್’ ಎಂಬ ಮಾಸಪತ್ರಿಕೆಯೊಂದಿತ್ತು. ಯುದ್ಧಾನಂತರದ ಜಪಾನಿನಲ್ಲಿ ಕಾತೋ ಕೆನ್‌ಇಚಿ ಎಂಬ ಹಿರಿಯ ಸಂಪಾದಕರು ಆರಂಭಿಸಿದ ಪತ್ರಿಕೆ. ತೆಝುಕಾರ ಪ್ರಸಿದ್ಧ ಸಿಂಹದ ಕಥೆ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. ಆದರೆ ಅದರ ನಿಜವಾದ ಜೀವ ಓದುಗರು ಕಳುಹಿಸಿದ ಚಿತ್ರಕಥೆಗಳ ವಿಭಾಗದಲ್ಲಿತ್ತು. ದೂರದೂರದ ಊರುಗಳಲ್ಲಿ ಒಬ್ಬಂಟಿಯಾಗಿ ಬರೆಯುತ್ತಿದ್ದ ಶಾಲಾಬಾಲಕರು ತಮ್ಮ ಪುಟಗಳನ್ನು ಅಂಚೆಗೆ ಹಾಕಿ, ಮುಂದಿನ ಸಂಚಿಕೆಯಲ್ಲಿ ಹೆಸರು ಬಂತೇ ಎಂದು ಕಾಯುತ್ತಿದ್ದರು. ಆ ಪುಟಗಳನ್ನು ಓದಿ, ತೂಗಿ, ಅಭಿಪ್ರಾಯ ಬರೆಯುವ ಕೆಲಸ ತೆರಾದಾ ಅವರ ಪಾಲಿಗೆ ಬಂದಿತ್ತು. ಹೀಗೆ ಮುಖ ನೋಡುವ ಮೊದಲೇ ಅವರಿಗೆ ಹುಡುಗರ ಕೈಬರಹ ಪರಿಚಿತ. ತೊಕಿವಾ ಸೋದ ಗೆಳೆಯರು ಸೇರಿ ‘ಹೊಸ ಮಾಂಗಾ ಪಕ್ಷ’ ಎಂಬ ಕೂಟವನ್ನು ಕಟ್ಟಿಕೊಂಡರು. ಕೋಣೆ ತೆರವಾದಾಗ ಯಾರನ್ನು ಕರೆಯಬೇಕೆಂಬುದಕ್ಕೆ ಅವರಲ್ಲಿ ನಿಯಮಗಳೂ ಇದ್ದವು. ಆ ವಿಭಾಗದಲ್ಲಿ ಒಂದು ಮಟ್ಟ ಮುಟ್ಟಿದವರಾಗಿರಬೇಕು. ಹೊಂದಿಕೊಂಡು ಬಾಳುವ ಗುಣವಿರಬೇಕು. ಇನ್ನೊಬ್ಬರ ಗಡುವು ಮೀರುವಂತಾದಾಗ ಪಕ್ಕದಲ್ಲಿ ಕುಳಿತು ಕೈಗೂಡಿಸುವಷ್ಟು ಪಳಗಿರಬೇಕು.

ಈ ಕೊನೆಯ ನಿಯಮದ ಮೇಲೆ ತುಸು ಹೊತ್ತು ನಿಲ್ಲಬೇಕು. ಬರವಣಿಗೆ ಏಕಾಂತದ ಕೆಲಸವೆಂದು ಸಾಹಿತ್ಯ ವಿಭಾಗಗಳಲ್ಲಿ ವರ್ಷವಿಡೀ ಹೇಳಿಕೊಡಲಾಗುತ್ತದೆ. ಒಂಬತ್ತು ಅಡಿಯ ಕೋಣೆಯಲ್ಲಿ ಏಕಾಂತವೆಲ್ಲಿ ಬಂತು? ಒಬ್ಬರು ಮುಖಗಳನ್ನು ಬರೆದರೆ ಇನ್ನೊಬ್ಬರು ಮರಗಿಡಗಳನ್ನು ತುಂಬಿ, ಮತ್ತೊಬ್ಬರು ಕಪ್ಪು ಮಸಿ ಹಚ್ಚಿ, ಬೆಳಗಾಗುವುದರೊಳಗೆ ಸಂಪಾದಕರ ಕೈಗೆ ಪುಟ ಸೇರುತ್ತಿತ್ತು. ಹಬ್ಬದ ಹೊತ್ತಿಗೆ ತೆರಾದಾ ಅವರ ಕೋಣೆಯಲ್ಲಿ ಎಲ್ಲರೂ ಸೇರಿ ಅಗ್ಗದ ಶೋಚುವಿಗೆ ಸೋಡಾ ಪಾನೀಯ ಬೆರೆಸಿ ಕುಡಿಯುತ್ತಿದ್ದರು. ಕಿಸೆಯ ಬಡತನವೇ ಕಂಡುಹಿಡಿದ ಪೇಯ ಅದು. ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು.

ಫುಜಿಕೊ ಜೋಡಿ ಬಂದು ಎರಡೇ ತಿಂಗಳಾಗಿತ್ತು. 1955ರ ಹೊಸವರ್ಷಕ್ಕೆ ಊರಿಗೆ ಹೋದವರು ಮನೆಯ ಬೆಚ್ಚಗೆಯಲ್ಲಿ ಕೈ ಸಡಿಲಿಸಿದರು. ಒಪ್ಪಿಕೊಂಡಿದ್ದ ಕಥೆಗಳು ಒಂದರ ಮೇಲೊಂದು ತಪ್ಪಿದವು. ಸಂಪಾದಕರ ತಂತಿಗಳು ಬಂದವು. ಆಮೇಲೆ ತಂತಿಗಳೂ ನಿಂತವು. ಸುಮಾರು ಒಂದು ವರ್ಷ ಅವರಿಗೆ ಕೆಲಸ ಕೊಡಲು ಪತ್ರಿಕೆಗಳು ಹಿಂಜರಿದವು. ಅದೇ ವರ್ಷ ‘ಮಾಂಗಾ ಶೋನೆನ್’ ಕೂಡ ನಿಂತುಹೋಯಿತು. ಊರಿಗೆ ಮರಳಿ ಬೇರೆ ಉದ್ಯೋಗ ಹಿಡಿಯುವುದೇ ಸರಿಯೆನಿಸಬಹುದಾಗಿದ್ದ ಆ ಹೊತ್ತಿನಲ್ಲಿ ಇಬ್ಬರನ್ನೂ ಟೋಕಿಯೊದಲ್ಲಿ ಹಿಡಿದು ನಿಲ್ಲಿಸಿದವರಲ್ಲಿ ತೆರಾದಾ ಮುಖ್ಯರು.

ಅಕಾತ್ಸುಕಾ ಫುಜಿಯೊ ಅವರ ಕಥೆ ಇನ್ನೂ ಕಠಿಣವಾದದ್ದು. ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುತ್ತ ಬರೆಯುತ್ತಿದ್ದ ಹುಡುಗ 1956ರಲ್ಲಿ ಇಲ್ಲಿಗೆ ಬಂದ. ಅದೇ ವರ್ಷ ಬಂದ, ತನಗಿಂತ ಎರಡು ವರ್ಷ ಕಿರಿಯನಾದ ಇಶಿನೊಮೊರಿ ಶೋತಾರೊ ಆಗಲೇ ಸಂಪಾದಕರ ಕಣ್ಮಣಿ. ಅಕಾತ್ಸುಕಾ ಅವನಿಗೆ ಅಡುಗೆ ಮಾಡಿ ಹಾಕುತ್ತ, ಅವನ ಪುಟಗಳಿಗೆ ನೆರವಾಗುತ್ತ ಕಾಲ ಕಳೆದರು. ತನ್ನ ಕಥೆ ಯಾರಿಗೂ ಬೇಡ. ಒಂದು ದಿನ ತೆರಾದಾ ಅವರ ಮುಂದೆ ತಮ್ಮ ಹಸ್ತಪ್ರತಿಯನ್ನಿಟ್ಟರು. ಓದಿದ ಅಣ್ಣ ಹೇಳಿದ್ದರ ಸಾರ ಇಷ್ಟು: ಇದರಲ್ಲಿ ಐದು ಕಥೆಗಳಿಗಾಗುವಷ್ಟು ಸಾಮಗ್ರಿ ಇದೆ, ಎಲ್ಲವನ್ನೂ ಒಂದರಲ್ಲೇ ತುರುಕಿರುವೆ, ಒಂದನ್ನು ಮಾತ್ರ ಇಟ್ಟುಕೋ. ಮೊದಲ ಕಥೆ ಬರೆಯುವ ಯಾವ ಭಾಷೆಯ ತರುಣನಿಗೂ ಇದಕ್ಕಿಂತ ಉಪಯುಕ್ತವಾದ ವಿಮರ್ಶೆ ಸಿಗಲಾರದು. ತಿಂಗಳಿಗೊಂದರಂತೆ ನಡೆಯುವ ಕಥಾಕಮ್ಮಟಗಳಲ್ಲಿ ಇಷ್ಟು ಹೇಳುವುದಕ್ಕೆ ಎರಡು ದಿನ ಹಿಡಿಯುತ್ತದೆ.

ವಿಮರ್ಶೆಯಿಂದ ಹೊಟ್ಟೆ ತುಂಬುವುದಿಲ್ಲವೆಂಬುದೂ ತೆರಾದಾ ಅವರಿಗೆ ಗೊತ್ತಿತ್ತು. ಬರೆಯುವುದನ್ನು ಬಿಟ್ಟು ಮಾಣಿಯ ಕೆಲಸಕ್ಕೆ ಸೇರುತ್ತೇನೆಂದು ಅಕಾತ್ಸುಕಾ ಹೇಳಿದಾಗ ಅವರು ಐವತ್ತು ಸಾವಿರ ಯೆನ್ ತೆಗೆದು ಕೊಟ್ಟರು; ಇದು ಮುಗಿಯುವವರೆಗಾದರೂ ಬರೆ ಎಂದರು. ಆ ಮನೆಯ ಬಾಡಿಗೆಯ ಲೆಕ್ಕದಲ್ಲಿ ಅದು ಹದಿನಾರು ತಿಂಗಳಿಗೂ ಮಿಕ್ಕಿದ ಹಣ. ಕೊಟ್ಟವರೂ ಅದೇ ಒಂಬತ್ತು ಅಡಿಯ ಕೋಣೆಯವರು. ಮುಂದೆ 1958ರಲ್ಲಿ ಯಾರದೋ ಕಥೆ ತಪ್ಪಿ ಖಾಲಿಬಿದ್ದ ಪುಟಗಳನ್ನು ತುಂಬಲು ಅಕಾತ್ಸುಕಾ ಅವರಿಗೆ ಕರೆ ಬಂತು. ಅದುವರೆಗೆ ಬರೆಯುತ್ತಿದ್ದ ಕಣ್ಣೀರಿನ ಕಥೆಗಳನ್ನು ಬದಿಗಿಟ್ಟು ಅವರು ನಗೆಯ ಕಥೆ ಬರೆದರು. ಜಪಾನಿನ ನಗೆ ಮಾಂಗಾದ ಚಕ್ರವರ್ತಿಯೆಂದು ಮುಂದೆ ಅವರಿಗೆ ಹೆಸರಾಯಿತು. ನಡೆದ ವರ್ಷಗಳ ಅನುಕ್ರಮಕ್ಕೆ ಚಿತ್ರ ಕಟ್ಟುಬಿದ್ದಿಲ್ಲ; ಮನಸ್ಸುಗಳ ಅನುಕ್ರಮವನ್ನು ಮಾತ್ರ ಅದು ತಪ್ಪಿಸುವುದಿಲ್ಲ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಗೆಳೆಯರ ಗುಂಪು ಎಂದರೆ ಮೊದಲು ನೆನಪಾಗುವುದು ಧಾರವಾಡ. ಅದರ ನಡುಮಣಿಯಾಗಿದ್ದ ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ 1944ರಿಂದ 1956ರ ಅವಧಿಯ ಕೊನೆಯ ವರ್ಷಗಳೇ ತೊಕಿವಾ ಸೋ ತುಂಬಿ ತುಳುಕಿದ ವರ್ಷಗಳು ಎಂಬುದು ಕಾಲದ ಒಂದು ಕಾಕತಾಳೀಯ; ಅದಕ್ಕಿಂತ ಹೆಚ್ಚಿನ ನಂಟನ್ನು ಕಲ್ಪಿಸಬೇಕಾಗಿಲ್ಲ. ಆದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಂಥ ಗುಂಪುಗಳ ಬಗ್ಗೆ ಬರೆಯುವಾಗ ಕೃತಿಗಳ ಪಟ್ಟಿ ಬರುತ್ತದೆ, ಪ್ರಶಸ್ತಿಗಳ ಪಟ್ಟಿ ಬರುತ್ತದೆ. ಯಾರ ಕೋಣೆಯಲ್ಲಿ ಸೇರುತ್ತಿದ್ದರು, ಅಕ್ಕಿ ಮುಗಿದಾಗ ಯಾರು ತಂದರು ಎಂಬುದು ಬರುವುದಿಲ್ಲ. ಇಚಿಕಾವಾ ಇಡೀ ಚಿತ್ರವನ್ನು ಆ ಬಿಟ್ಟುಹೋದ ಸಾಲಿನ ಮೇಲೆಯೇ ಕಟ್ಟಿದ್ದಾರೆ.

ಹಾಗೆ ನೋಡಿದರೆ ಬಿಟ್ಟುಹೋದ ಸಾಲುಗಳು ಇನ್ನೂ ಇವೆ. ಇಶಿನೊಮೊರಿ ಅವರ ಅಕ್ಕ, ಉಬ್ಬಸದಿಂದ ನರಳುತ್ತಿದ್ದ ಹೆಣ್ಣುಮಗಳು, ತಂದೆಯ ವಿರೋಧದ ನಡುವೆ ತಮ್ಮನ ಬರವಣಿಗೆಗೆ ಒತ್ತಾಸೆಯಾಗಿ ನಿಂತು ಅವನೊಡನೆ ಟೋಕಿಯೊಗೆ ಬಂದರು. 1958ರಲ್ಲಿ, ಇಪ್ಪತ್ತರ ಹರೆಯದಲ್ಲೇ ತೀರಿಕೊಂಡರು. ಚಿತ್ರದಲ್ಲಿ ಅವರು ಬಂದು ಹೋಗುವ ಹೊತ್ತು ಚಿಕ್ಕದು, ಬೇಕಾದದ್ದಕ್ಕಿಂತ ಚಿಕ್ಕದು. ಮಿಝುನೊ ಹಿದೆಕೊ ಎಂಬ ಹದಿಹರೆಯದ ಲೇಖಕಿಯೂ ಅದೇ ವರ್ಷ ಕೆಲವು ತಿಂಗಳು ಆ ಮನೆಯಲ್ಲಿದ್ದು, ಇಶಿನೊಮೊರಿ ಮತ್ತು ಅಕಾತ್ಸುಕಾ ಅವರೊಡನೆ ಸೇರಿ ಮೂವರೂ ಒಂದೇ ಹೆಸರಿನಲ್ಲಿ ಬರೆದರು. ಹುಡುಗಿಯರಿಗಾಗಿ ಬರೆಯುವ ಕಥೆಗಳನ್ನೂ ಬಹುಪಾಲು ಗಂಡಸರೇ ಬರೆಯುತ್ತಿದ್ದ ಕಾಲದಲ್ಲಿ ಆ ಬಾಗಿಲನ್ನು ತಳ್ಳಿದವರಲ್ಲಿ ಮಿಝುನೊ ಮೊದಲಿಗರು. ಅವರದ್ದೇ ಒಂದು ಚಿತ್ರವಾಗಬಹುದಿತ್ತು.

ಇಷ್ಟೆಲ್ಲ ಮಂದಿಯ ಏಳಿಗೆಯನ್ನು ನೋಡುತ್ತ ತೆರಾದಾ ನಿಂತಿದ್ದಾರೆ. ಅವರ ಕಥೆಗಳಲ್ಲಿ ಹುಡುಗರು ಬೇಸ್‌ಬಾಲ್ ಆಡುತ್ತಾರೆ, ಸುಳ್ಳು ಹೇಳಲು ಹೆದರುತ್ತಾರೆ, ಸೋತವರ ಬೆನ್ನು ತಟ್ಟುತ್ತಾರೆ. ಸಂಪಾದಕರಿಗೆ ಬೇಕಾದದ್ದು ವೇಗ, ರೋಮಾಂಚನ, ಮುಂದಿನ ಸಂಚಿಕೆಗೆ ಓದುಗನನ್ನು ಎಳೆತರುವ ಕೊಕ್ಕೆ. ಮಕ್ಕಳ ಕೈಗೆ ಕೊಡಬಾರದ್ದನ್ನು ಬರೆಯಲಾರೆನೆಂಬುದು ತೆರಾದಾ ಅವರ ನಿಲುವು. ಚಿತ್ರದಲ್ಲಿ ಅವರು ಇದಕ್ಕಾಗಿ ವಾದ ಮಾಡುವುದಿಲ್ಲ, ದನಿ ಏರಿಸುವುದಿಲ್ಲ. ಬಯಸಿದಂತೆ ಬದಲಿಸಿಕೊಡುವುದಿಲ್ಲ, ಅಷ್ಟೇ. ಮೊತೊಕಿ ಅವರ ಅಭಿನಯದ ಹಿರಿಮೆ ಇಲ್ಲಿದೆ. ಗೆಳೆಯನ ಕಥೆ ಅಚ್ಚಾದ ಸಂಚಿಕೆಯನ್ನು ನೋಡುವ ಆ ಮುಖದಲ್ಲಿ ಸಂತೋಷ ನಿಜವಾದದ್ದು. ಅದರ ಪಕ್ಕದಲ್ಲೇ ಇನ್ನೊಂದೇನೋ ಇದೆ. ಮತ್ಸರವೆನ್ನಲು ಅದು ಸಾಲದು, ವೈರಾಗ್ಯವೆನ್ನಲು ತುಸು ಹೆಚ್ಚಾಯಿತು.

ಎಲ್ಲರೂ ಗೆದ್ದವರಲ್ಲ. ಮೊರಿಯಾಸು ನವೊಯಾ ಎಂಬ ಗೆಳೆಯರಿಗೆ ಪ್ರತಿಭೆ ಇತ್ತು, ಕೂಟದ ನಿಯಮಗಳನ್ನು ದಾಟಿಯೇ ಒಳಬಂದಿದ್ದರು, ಆದರೂ ಬರವಣಿಗೆ ಕೈ ಹಿಡಿಯಲಿಲ್ಲ; ಗಂಟುಮೂಟೆ ಕಟ್ಟಿದರು. ಸುಝುಕಿ ಶಿನ್‌ಇಚಿ ಚಲಿಸುವ ಚಿತ್ರಗಳ ಕಡೆಗೆ ಹೊರಳಿದರು. ಫುಜಿಕೊ ಕಥೆಗಳಲ್ಲಿ ಅಲ್ಲಲ್ಲಿ ಕಾಣಿಸುವ, ಸದಾ ರಾಮೆನ್ ತಿನ್ನುತ್ತಿರುವ ಗುಂಗುರುಗೂದಲಿನ ಕೊಯಿಕೆ ಸಾನ್ ಎಂಬ ವ್ಯಕ್ತಿ ಈ ಸುಝುಕಿಯೇ. ಹಾಗೆ ಅವರೂ ಪುಟ ಸೇರಿದರು. ಸ್ಥಳ ಒಂದೇ, ಶ್ರಮ ಒಂದೇ, ಫಲ ಮಾತ್ರ ಬೇರೆ ಬೇರೆ. ಯಾಕೆ ಹೀಗೆ ಎಂಬುದಕ್ಕೆ ಚಿತ್ರ ಕಾರಣ ಕೊಡುವುದಿಲ್ಲ. ಪ್ರತಿಭೆಯಿದ್ದವರು ಗೆದ್ದರು, ಇಲ್ಲದವರು ಸೋತರು ಎಂದು ಹೇಳಿ ಮುಗಿಸುವುದು ಸುಲಭವಿತ್ತು. ಹಾಗೆ ಹೇಳದಿರುವುದೇ ಅದರ ಪ್ರಾಮಾಣಿಕತೆ.

ತೆರಾದಾ ಅವರನ್ನು ಸೋತವರ ಸಾಲಿಗೆ ಸೇರಿಸುವುದೂ ಸರಿಯಲ್ಲ. 1957ರಲ್ಲಿ ಅವರು ತೊಕಿವಾ ಸೋ ಬಿಟ್ಟರು. ಚಿತ್ರದ ಕಥೆಯೂ ಆ ನಿರ್ಗಮನದತ್ತಲೇ ಸಾಗುತ್ತದೆ. ಆದರೆ ಬದುಕಿನಲ್ಲಿ ಅವರ ದೊಡ್ಡ ಯಶಸ್ಸು ಬಂದದ್ದು ಅದರ ನಂತರ. 1959ರ ಮಾರ್ಚ್ 17ರಂದು ಜಪಾನಿನಲ್ಲಿ ಹುಡುಗರಿಗಾಗಿ ಎರಡು ವಾರಪತ್ರಿಕೆಗಳು ಒಂದೇ ದಿನ ಹೊರಬಂದವು. ಅವುಗಳಲ್ಲೊಂದಾದ ‘ಶೋನೆನ್ ಸಂಡೇ’ಯಲ್ಲಿ ತೆರಾದಾ ಬರೆದ ಬೇಸ್‌ಬಾಲ್ ಕಥೆ ‘ಸ್ಪೋರ್ಟ್ಸ್‌ಮನ್ ಕಿಂತಾರೊ’ ನಾಲ್ಕು ವರ್ಷ ನಡೆಯಿತು, ಮಕ್ಕಳು ಮುಗಿಬಿದ್ದು ಓದಿದರು. ಆದರೆ ವಾರಪತ್ರಿಕೆಯ ಓಟ ಬೇರೆ. ತಿಂಗಳಿಗೊಮ್ಮೆ ಗಡುವು ಬರುತ್ತಿದ್ದ ಕಾಲದಲ್ಲಿ ಮೇಲ್ಮಹಡಿಯ ಗೆಳೆಯರು ಒಬ್ಬರಿಗೊಬ್ಬರು ಕೈಗೂಡಿಸಬಹುದಿತ್ತು. ವಾರಕ್ಕೊಮ್ಮೆ ಬಂದಾಗ ಪ್ರತಿಯೊಬ್ಬರೂ ಸಂಬಳದ ಸಹಾಯಕರನ್ನಿಟ್ಟುಕೊಂಡು ತಮ್ಮ ತಮ್ಮ ಕಾರ್ಯಾಲಯ ತೆರೆಯಬೇಕಾಯಿತು. ಕಥೆಗಳೂ ಗಡುಸಾದವು, ರಕ್ತದ ಬಣ್ಣ ಏರಿತು. ಆ ಓಟದಲ್ಲಿ ತೆರಾದಾ ಹೆಜ್ಜೆ ಹಾಕಲಿಲ್ಲ. 1970ರ ದಶಕದಲ್ಲಿ ಅವರು ಲೇಖನಿಯನ್ನು ಕೆಳಗಿಟ್ಟರು.

ಇದನ್ನು ತತ್ವನಿಷ್ಠೆಯೆನ್ನಬೇಕೇ, ಹಟವೆನ್ನಬೇಕೇ? ಚಿತ್ರ ಅವರನ್ನು ಬಹುಮಟ್ಟಿಗೆ ಸಂತನಂತೆ ಕಾಣುತ್ತದೆ. ಅಲ್ಲಿ ಅದರೊಡನೆ ತಕರಾರು ತೆಗೆಯಬಹುದು. ಅಕಾತ್ಸುಕಾ ತಮ್ಮ ಬರವಣಿಗೆಯನ್ನು ಬುಡಮೇಲು ಮಾಡಿಕೊಂಡಾಗಲೇ ಅವರಿಗೆ ಅವರ ದಾರಿ ಸಿಕ್ಕಿತು. ಐದರಲ್ಲಿ ಒಂದನ್ನು ಇಟ್ಟುಕೋ ಎಂದು ಕಲಿಸಿದವರು, ಅಗತ್ಯ ಬಿದ್ದಾಗ ಆ ಒಂದನ್ನೂ ಬಿಟ್ಟು ಆರನೆಯದನ್ನು ಹುಡುಕುವ ಧೈರ್ಯವನ್ನು ತಾವು ಮಾಡಲಿಲ್ಲ. ಬದಲಾಗುವುದೆಲ್ಲ ಮಾರಾಟವಾಗುವುದಲ್ಲ. ಹಾಗೆಂದು, ಬದಲಾಗಲೊಲ್ಲದ ತೆರಾದಾ ಅಂದು ಆ ಕೋಣೆಯಲ್ಲಿ ಇರದಿದ್ದರೆ ಬದಲಾಗಬಲ್ಲ ಅಕಾತ್ಸುಕಾ ಕೂಡ ಅಲ್ಲಿ ಉಳಿಯುತ್ತಿರಲಿಲ್ಲ. ಈ ಗಂಟನ್ನು ಬಿಚ್ಚುವ ಉಸಾಬರಿಗೆ ಇಚಿಕಾವಾ ಹೋಗಿಲ್ಲ.

ಕಟ್ಟಡ ಕೆಡವಿದ ನಂತರ ಗೆಳೆಯರು ಒಬ್ಬೊಬ್ಬರಾಗಿ ಹೋದರು. ತೆಝುಕಾ 1989ರಲ್ಲಿ, ಫುಜಿಮೊತೊ ಚಿತ್ರ ತೆರೆಕಂಡ 1996ರಲ್ಲಿ, ಇಶಿನೊಮೊರಿ 1998ರಲ್ಲಿ. ಟೋಕಿಯೊದ ತೊಶಿಮಾ ವಿಭಾಗದಲ್ಲಿ, ಹಳೆಯ ನೆಲೆಗೆ ಸಮೀಪದ ಉದ್ಯಾನವೊಂದರಲ್ಲಿ, ತೊಕಿವಾ ಸೋವನ್ನು ಇದ್ದ ಹಾಗೆಯೇ ಮರುನಿರ್ಮಿಸಿ 2020ರ ಜುಲೈಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಹಂಚಿಕೆಯ ಅಡುಗೆಮನೆ, ನಾಲ್ಕೂವರೆ ಚಾಪೆಯ ಕೋಣೆಗಳು, ಎಲ್ಲವೂ ಅಲ್ಲಿವೆ. ಈಗ ಅವುಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ.

ತೆರಾದಾ 1992ರಲ್ಲಿ ತೀರಿಕೊಂಡರು. ತಮ್ಮನ್ನು ನಡುವಿನಲ್ಲಿಟ್ಟು ಮಾಡಿದ ಚಿತ್ರವನ್ನು ಅವರು ನೋಡಲಿಲ್ಲ. ಬರೆಯುವುದನ್ನು ನಿಲ್ಲಿಸಿದ ಮೇಲೆ ಅವರು ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದರು, ಅದು 1981ರಲ್ಲಿ ಪ್ರಕಟವಾಯಿತು. ಅದು ಆತ್ಮಕಥೆಯಾಗಿರಲಿಲ್ಲ, ತೊಕಿವಾ ಸೋದ ನೆನಪುಗಳೂ ಆಗಿರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ ನಿಂತುಹೋಗಿದ್ದ, ಹುಡುಗರು ಊರೂರಿನಿಂದ ತಮ್ಮ ಪುಟಗಳನ್ನು ಅಂಚೆಗೆ ಹಾಕಿ ಕಾಯುತ್ತಿದ್ದ ‘ಮಾಂಗಾ ಶೋನೆನ್’ ಮಾಸಪತ್ರಿಕೆಯ ಇತಿಹಾಸ.